ಹಡಗಿನ ಕೆಲಸಕ್ಕೆ ಹೊರಟವರು ಮೊದಲು ಕಲಿಯಬೇಕಾದದ್ದು ನಿದ್ದೆ

ಕ್ರೂಸ್ ಹಡಗಿನಲ್ಲಿ ಸಿಬ್ಬಂದಿಗೆ ಸಿಗುವ ಕ್ಯಾಬಿನ್‌ಗಳಿಗೆ ಸಾಮಾನ್ಯವಾಗಿ ಕಿಟಕಿ ಇರುವುದಿಲ್ಲ. ಅವುಗಳಲ್ಲಿ ಹಲವು ನೀರಿನ ಮಟ್ಟಕ್ಕಿಂತ ಕೆಳಗಿರುತ್ತವೆ. ಮೊದಲ ರಾತ್ರಿ ನಡುವೆ ಎಚ್ಚರವಾದರೆ ಹೊತ್ತು ಎಷ್ಟಾಯಿತೆಂದು ತಿಳಿಯದು. ಎಂಜಿನ್ನಿನ ನಡುಕ ಹಾಸಿಗೆಯ ಮೂಲಕ ಬೆನ್ನಿಗೆ ತಾಕುತ್ತಿರುತ್ತದೆ. ಕೆಳಗಿನ ಬಂಕಿನಲ್ಲಿ ಇನ್ನೂ ಹೆಸರು ಸರಿಯಾಗಿ ನೆನಪಿಲ್ಲದ ಒಬ್ಬರು ಮಲಗಿರುತ್ತಾರೆ. ಆ ರಾತ್ರಿ ನಾನು ಮರುದಿನದ ಕೆಲಸ ನೆನೆದು ಹೆದರಿದ್ದೆ. ಅತಿಥಿಗಳ ಕೋಣೆ ನೋಡಿಕೊಳ್ಳುವ ಕ್ಯಾಬಿನ್ ಸ್ಟೀವರ್ಡ್ ಆಗಿ ಕೆಲವು ಒಪ್ಪಂದಗಳನ್ನು ಮುಗಿಸಿ, ಹೊಸಬರನ್ನು ತಯಾರು ಮಾಡುವ ಹೊಣೆ ಬಂದ ಮೇಲೆ ನನ್ನ ಹೆದರಿಕೆ ತಪ್ಪು ಜಾಗದಲ್ಲಿತ್ತು ಎಂದು ಅರ್ಥವಾಯಿತು. ಹಾಸಿಗೆ ಹಾಸುವುದು, ತಟ್ಟೆ ಹೊರುವುದು, ಅತಿಥಿಗಳ ಹೆಸರು ನೆನಪಿಡುವುದು ಎಲ್ಲರಿಗೂ ಎರಡು ಮೂರು ವಾರಗಳಲ್ಲಿ ಕೈಗೆ ಹತ್ತುತ್ತದೆ. ದಣಿವನ್ನು ನಿಭಾಯಿಸಲು ಕಲಿಯದವರು ಮಾತ್ರ ಬ್ಯಾಗು ಕಟ್ಟುತ್ತಾರೆ. ಈ ಬರಹದ ಹೆಚ್ಚಿನ ಸಲಹೆಗಳು ಅದಕ್ಕೇ ಸಂಬಂಧಿಸಿದವು.

ಹೋಟೆಲ್ ವಿಭಾಗದಲ್ಲಿ, ಅಂದರೆ ಅಡುಗೆಮನೆ, ಊಟದ ಕೋಣೆ, ಬಾರ್, ಹೌಸ್‌ಕೀಪಿಂಗ್, ಲಾಂಡ್ರಿಗಳಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಸೇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

1. ಹತ್ತುವ ಮೊದಲು

ಕೆಲಸ ಕೊಡಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ ಅಲ್ಲಿಯೇ ನಿಲ್ಲಿ. ಕಡಲ ಕಾರ್ಮಿಕರ ಹಕ್ಕುಗಳನ್ನು ಕಾಯುವ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ. 2006ರಲ್ಲಿ ರೂಪುಗೊಂಡು 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಇದನ್ನು ಹಡಗಿನವರು ಎಂಎಲ್‌ಸಿ ಎನ್ನುತ್ತಾರೆ. ಅದರ ಪ್ರಕಾರ ನೇಮಕಾತಿಗೆ ಶುಲ್ಕ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ನಾವಿಕರ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ ಇವುಗಳ ಖರ್ಚನ್ನು ನಿಮ್ಮಿಂದ ಪಡೆಯಬಹುದು. ವೀಸಾ ಖರ್ಚು ಹಡಗಿನ ಮಾಲೀಕರದು. ಸಾಲ ಮಾಡಿ ಮಧ್ಯವರ್ತಿಗೆ ಕೊಟ್ಟು ಬಂದವರನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಅವರಿಗೆ ಕಾಯಿಲೆ ಬಿದ್ದರೂ ಹೇಳಲು ಭಯ, ಅನ್ಯಾಯವಾದರೂ ದೂರಲು ಭಯ. ಹಡಗು ಹತ್ತುವ ಮೊದಲೇ ಅವರ ಬಾಯಿ ಕಟ್ಟಿಹೋಗಿರುತ್ತದೆ.

ಕೆಲಸದ ಒಪ್ಪಂದದ ಪ್ರತಿಯನ್ನು ಸಹಿ ಹಾಕುವ ಮುನ್ನ ಪೂರ್ತಿ ಓದಿ. ತಿಂಗಳುಗಳೆಷ್ಟು, ಮೂಲ ವೇತನ ಎಷ್ಟು, ಭಕ್ಷೀಸಿನ ಪಾಲು ಅದರೊಳಗೆ ಸೇರಿದೆಯೋ ಬೇರೆಯೋ, ಹಿಂತಿರುಗುವ ವಿಮಾನದ ಖರ್ಚು ಯಾರದು, ನಡುವೆ ಬಿಟ್ಟರೆ ಏನು ಎಂಬುದನ್ನು ತಿಳಿದುಕೊಳ್ಳಿ. ಬೆಂಕಿ ನಂದಿಸುವುದು, ನೀರಿನಲ್ಲಿ ಬದುಕುಳಿಯುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ ಇವನ್ನೊಳಗೊಂಡ ಮೂಲ ಸುರಕ್ಷತಾ ತರಬೇತಿಯನ್ನು ಕೆಲವು ಕಂಪನಿಗಳು ಹಡಗಿನಲ್ಲೇ ಕೊಡುತ್ತವೆ, ಕೆಲವು ಮೊದಲೇ ಮುಗಿಸಿ ಬರಲು ಹೇಳುತ್ತವೆ. ಎಲ್ಲ ದಾಖಲೆಗಳ ಚಿತ್ರಗಳನ್ನು ಮೊಬೈಲಿನಲ್ಲೂ ಮಿಂಚಂಚೆಯಲ್ಲೂ ಇಟ್ಟುಕೊಳ್ಳಿ. ಹಡಗು ಹತ್ತಿದೊಡನೆ ಪಾಸ್‌ಪೋರ್ಟನ್ನು ಸಿಬ್ಬಂದಿ ಕಚೇರಿ ತೆಗೆದಿರಿಸಿಕೊಳ್ಳುವುದು ವಾಡಿಕೆ. ವಲಸೆ ಅಧಿಕಾರಿಗಳಿಗೆ ಒಟ್ಟಿಗೆ ತೋರಿಸಲು ಅದು ಬೇಕಾಗುತ್ತದೆ.

ಸಾಮಾನಿನ ವಿಷಯದಲ್ಲಿ ನನ್ನದು ಒಂದೇ ಹಟ: ಷೂಗೆ ಹಣ ಸುರಿಯಿರಿ, ಉಳಿದದ್ದರಲ್ಲಿ ಕೈ ಬಿಗಿಹಿಡಿಯಿರಿ. ಜಾರದ ಅಡಿಯಿರುವ, ಈಗಾಗಲೇ ಕಾಲಿಗೆ ಒಗ್ಗಿದ ಎರಡು ಜೊತೆ ಕಪ್ಪು ಷೂ ಇರಲಿ. ದಿನ ಬಿಟ್ಟು ದಿನ ಬದಲಿಸಿದರೆ ಪಾದ ಒಣಗುತ್ತದೆ. ಕಣ್ಣುಪಟ್ಟಿ, ಕಿವಿಬಿರಡೆ, ಚಿಕ್ಕ ಟಾರ್ಚ್, ಬ್ಯಾಟರಿಯ ಅಲಾರಾಂ ಗಡಿಯಾರ, ನಿಮ್ಮ ನಿತ್ಯದ ಔಷಧ ಮತ್ತು ವೈದ್ಯರ ಚೀಟಿ ಮರೆಯಬೇಡಿ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ವಿದ್ಯುತ್ ವಿಸ್ತರಣೆ ತಂತಿಗಳನ್ನು ಬೆಂಕಿಯ ಭಯದಿಂದ ತಪಾಸಣೆಯಲ್ಲೇ ಕಸಿದುಕೊಳ್ಳುತ್ತಾರೆ.

2. ಮೊದಲ ಎರಡು ದಿನ

ಹತ್ತುವ ದಿನ ಯಾರೂ ನಿಮ್ಮನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲವೆಂದು ನೊಂದುಕೊಳ್ಳಬೇಡಿ. ನೀವು ಹತ್ತುವ ದಿನವೇ ಸಾಮಾನ್ಯವಾಗಿ ಹಳೆಯ ಅತಿಥಿಗಳು ಇಳಿದು ಹೊಸಬರು ಬರುವ ದಿನ. ಸಾವಿರಾರು ಪೆಟ್ಟಿಗೆಗಳು ಇಳಿದು ಸಾವಿರಾರು ಪೆಟ್ಟಿಗೆಗಳು ಏರಬೇಕು, ವಾರದ ದಿನಸಿ ತುಂಬಬೇಕು, ಪ್ರತಿ ಕ್ಯಾಬಿನ್ನೂ ಕೆಲವೇ ಗಂಟೆಗಳಲ್ಲಿ ಹೊಸದರಂತಾಗಬೇಕು. ಕೈಗೆ ಸಮವಸ್ತ್ರ, ಗುರುತಿನ ಕಾರ್ಡು, ಕ್ಯಾಬಿನ್ನಿನ ಕೀಲಿ ಕೊಟ್ಟು ಎಲ್ಲರೂ ಓಡುತ್ತಾರೆ. ಅಂದೇ ಸಂಜೆ ನಿಮ್ಮನ್ನು ಕೆಲಸಕ್ಕೆ ಕರೆದರೂ ಆಶ್ಚರ್ಯವಿಲ್ಲ. ಆದ್ದರಿಂದ ಸಾಧ್ಯವಾದರೆ ವಿಮಾನದಲ್ಲೇ ನಿದ್ದೆ ಮಾಡಿ ಬನ್ನಿ.

ಅಂದು ಕಲಿಯಲೇಬೇಕಾದದ್ದು ತುರ್ತು ಕರ್ತವ್ಯದ ಕಾರ್ಡು. ಅದರಲ್ಲಿ ನಿಮ್ಮ ಸಂಖ್ಯೆ, ನಿಲ್ಲಬೇಕಾದ ಜಾಗ, ಮಾಡಬೇಕಾದ ಕೆಲಸ ಇರುತ್ತದೆ. ಕ್ಯಾಬಿನ್ನಿನಿಂದ ಆ ಜಾಗಕ್ಕೆ ಎರಡು ಬೇರೆ ಬೇರೆ ದಾರಿಗಳಲ್ಲಿ ನಡೆದು ನೋಡಿ, ಮೆಟ್ಟಿಲುಗಳ ಸಂಖ್ಯೆ ಗಮನಿಸಿ. ಏಳು ಸಣ್ಣ ಸದ್ದು, ಒಂದು ಉದ್ದನೆಯ ಸದ್ದು ಕೇಳಿದರೆ ಅದು ಎಲ್ಲ ಹಡಗುಗಳಲ್ಲೂ ಸಾಮಾನ್ಯ ತುರ್ತು ಕರೆ. ಬೆಂಕಿ, ಅಸ್ವಸ್ಥತೆ, ಯಾರಾದರೂ ನೀರಿಗೆ ಬಿದ್ದದ್ದು ಇವುಗಳಿಗೆ ಒಂದೊಂದು ಹಡಗಿನಲ್ಲಿ ಒಂದೊಂದು ಸಂಕೇತ ಪದ ಇರುತ್ತದೆ. ಅವನ್ನು ಚೀಟಿಯಲ್ಲಿ ಬರೆದು ಕಾರ್ಡಿನ ಹಿಂದೆ ಇಟ್ಟುಕೊಳ್ಳಿ.

ಜಲನಿರೋಧಕ ಬಾಗಿಲುಗಳ ಬಗ್ಗೆ ನಾನು ಪ್ರತಿ ಹೊಸಬರಿಗೂ ಮೂರು ಸಲ ಹೇಳುತ್ತಿದ್ದೆ, ಇಲ್ಲಿಯೂ ಒತ್ತಿ ಹೇಳುತ್ತೇನೆ. ಕೆಳಗಿನ ಡೆಕ್ಕುಗಳಲ್ಲಿ, ಅಂದರೆ ಅಂತಸ್ತುಗಳಲ್ಲಿ, ಪಕ್ಕಕ್ಕೆ ಸರಿಯುವ ಉಕ್ಕಿನ ಆ ಬಾಗಿಲು ಎದುರಿಗಿರುವುದು ಮನುಷ್ಯನೋ ಗಾಡಿಯೋ ಎಂದು ನೋಡುವುದಿಲ್ಲ. ಅದು ಪೂರ್ತಿ ತೆರೆಯುವ ತನಕ ಕಾಯಿರಿ, ಚಲಿಸುತ್ತಿರುವಾಗ ದಾಟಬೇಡಿ, ದಾಟುವಾಗ ಕೈಯಲ್ಲಿ ಹೊರೆ ಇರಬಾರದು. ಅವಸರದಲ್ಲಿ ನುಸುಳಿ ಪ್ರಾಣ ಕಳೆದುಕೊಂಡ ನಾವಿಕರಿದ್ದಾರೆ.

ಸುರಕ್ಷತಾ ಕವಾಯತುಗಳು ನಿಮ್ಮ ಬಿಡುವಿನ ಹೊತ್ತಿಗೇ ಬರುತ್ತವೆ. ಅರೆನಿದ್ದೆಯಲ್ಲಿ ಎದ್ದು ಲೈಫ್ ಜಾಕೆಟ್ ತೊಟ್ಟು ನಿಂತಾಗ ಸಿಟ್ಟು ಬರುವುದು ಸಹಜ. ಆದರೆ ನಡುಗಡಲಿನಲ್ಲಿ ಬೆಂಕಿ ಹೊತ್ತಿಕೊಂಡರೆ ಯಾವ ಅಗ್ನಿಶಾಮಕ ವಾಹನವೂ ಬರುವುದಿಲ್ಲ. ಬರುವವರು ನೀವು ಮತ್ತು ನಿಮ್ಮ ಜೊತೆಗಾರರು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ತಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು ಮಗುಚಿದಾಗ 32 ಜನ ಸತ್ತರು. ಅಂದೇ ಹತ್ತಿದ್ದ ಪ್ರಯಾಣಿಕರಿಗೆ ಇನ್ನೂ ಕವಾಯತು ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕೆಂದು ಆಗಿನ ನಿಯಮ ಹೇಳುತ್ತಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದನ್ನು ಮುಗಿಸಬೇಕೆಂಬ ನಿಯಮ ಬಂತು. ಮುದುಕರೊಬ್ಬರು ಗಾಲಿಕುರ್ಚಿಯಲ್ಲಿ ಕುಳಿತು ನಿಮ್ಮ ಮುಖ ನೋಡುವ ಗಳಿಗೆ ಬಂದರೆ, ಕೈಗೆ ನೆನಪಾಗುವುದು ಕವಾಯತಿನಲ್ಲಿ ಮಾಡಿದ್ದು ಮಾತ್ರ.

ದಾರಿ ತಪ್ಪುವುದಕ್ಕೆ ನಾಚಬೇಡಿ. ಸಿಬ್ಬಂದಿಯ ಡೆಕ್ಕಿನಲ್ಲಿ ಹಡಗಿನ ಉದ್ದಕ್ಕೂ ಒಂದು ದೊಡ್ಡ ಓಣಿ ಇರುತ್ತದೆ. ಅನೇಕ ಹಡಗುಗಳಲ್ಲಿ ಅದಕ್ಕೆ ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಯ ಹೆಸರಿನಿಂದ ಐ-95 ಎನ್ನುತ್ತಾರೆ. ಎಲ್ಲಿ ಕಳೆದುಹೋದರೂ ಕೆಳಗಿಳಿದು ಆ ಓಣಿ ಸೇರಿದರೆ ದಾರಿ ಸಿಗುತ್ತದೆ. ಮುಂದೆ ಮುಖ ಮಾಡಿ ನಿಂತಾಗ ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್ ಎಂಬುದು ಮೂರು ದಿನದಲ್ಲಿ ನಾಲಗೆಗೆ ಹತ್ತುತ್ತದೆ.

3. ನಿದ್ದೆಯ ಲೆಕ್ಕ

ವಾರದ ರಜೆ ಎಂಬುದು ಹಡಗಿನ ಹೋಟೆಲ್ ವಿಭಾಗದಲ್ಲಿ ಇಲ್ಲವೆಂದೇ ತಿಳಿಯಿರಿ. ಆರು, ಏಳು, ಎಂಟು ತಿಂಗಳು ಪ್ರತಿದಿನವೂ ಕೆಲಸ. ಆದರೆ ಅದಕ್ಕೆ ಮೇರೆ ಇದೆ. ಎಂಎಲ್‌ಸಿ ಪ್ರಕಾರ ಕೆಲಸದ ಸಮಯಕ್ಕೆ ಮಿತಿ ಹಾಕುವ ಹಡಗಿನಲ್ಲಿ 24 ಗಂಟೆಯಲ್ಲಿ 14 ಗಂಟೆ, ವಾರಕ್ಕೆ 72 ಗಂಟೆ ಮೀರುವಂತಿಲ್ಲ. ವಿಶ್ರಾಂತಿಯ ಲೆಕ್ಕ ಇಡುವ ಹಡಗಿನಲ್ಲಿ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಕನಿಷ್ಠ ಆರು ಗಂಟೆಯದಾಗಿರಬೇಕು. ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಗಂಟೆಗಳ ದಾಖಲೆಗೆ ನೀವೇ ಸಹಿ ಹಾಕುತ್ತೀರಿ, ಅದರ ಪ್ರತಿ ಪಡೆಯುವ ಹಕ್ಕು ನಿಮಗಿದೆ. ನಡೆದದ್ದನ್ನೇ ಬರೆಯಿರಿ. ಮೇಲಿನವರನ್ನು ಮೆಚ್ಚಿಸಲು ಸುಳ್ಳು ಗಂಟೆ ಬರೆದರೆ ಮುಂದಿನ ವಾರ ಅದೇ ಸುಳ್ಳಿನ ಆಧಾರದ ಮೇಲೆ ಕೆಲಸ ಹಂಚಲಾಗುತ್ತದೆ.

ಒಬ್ಬ ವೇಟರ್‌ನ ದಿನ ತೆಗೆದುಕೊಳ್ಳೋಣ. ಬೆಳಗ್ಗೆ 6ರಿಂದ 10, ಮಧ್ಯಾಹ್ನ 12ರಿಂದ 2:30, ಸಂಜೆ 5:30ರಿಂದ ರಾತ್ರಿ 10:30. ಒಟ್ಟು ಹನ್ನೊಂದೂವರೆ ಗಂಟೆ. ರಾತ್ರಿ ಕೆಲಸ ಮುಗಿದ ಮೇಲೆ ಮರುದಿನದ ತನಕ ಏಳೂವರೆ ಗಂಟೆ ಉಳಿಯಿತು. ಸ್ನಾನ, ಊಟ, ಒಂದು ಫೋನ್ ಕರೆ ಎಂದು ಮುಗಿಸಿ 11:30ಕ್ಕೆ ಮಲಗಿ 5:30ಕ್ಕೆ ಎದ್ದರೆ ಆರು ಗಂಟೆ ನಿದ್ದೆ. ಸಿಬ್ಬಂದಿ ಬಾರಿನಲ್ಲಿ ರಾತ್ರಿ ಒಂದರ ತನಕ ಕುಳಿತರೆ ನಾಲ್ಕೂವರೆ. ಒಂದು ದಿನ ಪರವಾಗಿಲ್ಲ, ವಾರಕ್ಕೆ ಐದು ದಿನ ಹೀಗಾದರೆ ಮೂರನೆಯ ವಾರದಲ್ಲಿ ಕೈಯಿಂದ ತಟ್ಟೆ ಜಾರುತ್ತದೆ, ಸಣ್ಣ ಮಾತಿಗೆ ಕಣ್ಣು ತುಂಬುತ್ತದೆ.

ನಿದ್ದೆಯನ್ನು ಸರಿದೂಗಿಸುವ ಜಾಗ ಮಧ್ಯಾಹ್ನದ ಆ ಮೂರು ಗಂಟೆ. ಹೊಸಬರು ಅದನ್ನು ಮೆಸ್ಸಿನಲ್ಲಿ ಮೊಬೈಲ್ ನೋಡುತ್ತ ಕಳೆಯುತ್ತಾರೆ. ನನ್ನ ಕ್ರಮ ಹೀಗಿತ್ತು: ಕೆಲಸ ಮುಗಿದೊಡನೆ ಸಿಬ್ಬಂದಿಗೆ ಬಿಟ್ಟಿರುವ ತೆರೆದ ಡೆಕ್ಕಿಗೆ ಹೋಗಿ ಇಪ್ಪತ್ತು ನಿಮಿಷ ಬಿಸಿಲು, ಆಮೇಲೆ ಕ್ಯಾಬಿನ್ನಿನಲ್ಲಿ ಬಂಕಿನ ಪರದೆ ಎಳೆದು ಒಂದೂವರೆ ಗಂಟೆ ನಿದ್ದೆ. ಕಿಟಕಿಯಿಲ್ಲದ ಕೋಣೆಯಿಂದ ಕಿಟಕಿಯಿಲ್ಲದ ಅಡುಗೆಮನೆಗೆ ಓಡಾಡುವ ದೇಹಕ್ಕೆ ಹಗಲು ರಾತ್ರಿಯ ಗುರುತು ಸಿಗುವುದು ಆ ಇಪ್ಪತ್ತು ನಿಮಿಷದಿಂದಲೇ. ಅದನ್ನು ಬಿಟ್ಟ ವಾರಗಳಲ್ಲಿ ನನಗೆ ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ.

ಗಡಿಯಾರದ ಬಗ್ಗೆಯೂ ಎಚ್ಚರ ಬೇಕು. ಹಡಗು ಪೂರ್ವಕ್ಕೆ ಸಾಗುವಾಗ ರಾತ್ರಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಪಶ್ಚಿಮಕ್ಕೆ ಸಾಗುವಾಗ ಹಿಂದಕ್ಕೆ. ಅಟ್ಲಾಂಟಿಕ್ ಸಾಗರವನ್ನು ಪೂರ್ವದ ಕಡೆಗೆ ದಾಟುವ ಪ್ರಯಾಣದಲ್ಲಿ ಹಲವು ರಾತ್ರಿ ಒಂದೊಂದು ಗಂಟೆ ಕಳೆದುಕೊಳ್ಳುತ್ತೀರಿ. ಆ ರಾತ್ರಿಗಳ ಪಟ್ಟಿಯನ್ನು ಮೊದಲೇ ಕೇಳಿ, ಬೇಗ ಮಲಗಿ. ಮೊಬೈಲಿನಲ್ಲಿ ಸಮಯ ತಾನಾಗಿ ಬದಲಾಗುವ ವ್ಯವಸ್ಥೆಯನ್ನು ನಿಲ್ಲಿಸಿಬಿಡಿ. ದಡದ ಸಂಕೇತ ಸಿಕ್ಕಿ ಅದು ದಡದ ಸಮಯಕ್ಕೆ ಹೊರಳಿದ್ದರಿಂದ ನಾನೊಮ್ಮೆ ಒಂದು ಗಂಟೆ ತಡವಾಗಿ ಕೆಲಸಕ್ಕೆ ಹೋಗಿ ಲಿಖಿತ ಎಚ್ಚರಿಕೆ ಪಡೆದೆ. ಅಂದಿನಿಂದ ಬ್ಯಾಟರಿ ಗಡಿಯಾರವನ್ನೇ ನಂಬಿದೆ.

4. ಕಡಲ ಕಾಯಿಲೆ

ದೊಡ್ಡ ಹಡಗುಗಳಿಗೆ ಅಲುಗಾಟ ತಗ್ಗಿಸುವ ರೆಕ್ಕೆಗಳಿರುತ್ತವೆ. ಹಾಗಿದ್ದರೂ ಒರಟು ಕಡಲಿನಲ್ಲಿ ಹೊಟ್ಟೆ ತೊಳಸುತ್ತದೆ. ಒಳಗಿವಿ ಅಲುಗಾಟವನ್ನು ಅರಿಯುತ್ತದೆ, ಕಣ್ಣಿಗೆ ಮಾತ್ರ ಗೋಡೆಗಳು ನಿಶ್ಚಲವಾಗಿ ಕಾಣುತ್ತವೆ. ಈ ಜಗಳವೇ ಕಾಯಿಲೆ. ದಿಗಂತ ನೋಡುವ ಅವಕಾಶವಿದ್ದರೆ ನೋಡಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕುಗಳಲ್ಲಿ ಅಲುಗಾಟ ಕಡಿಮೆ. ಈ ವಿಷಯದಲ್ಲಿ ನಿಮ್ಮ ಕ್ಯಾಬಿನ್ ಅತಿಥಿಗಳ ಮೇಲಿನ ಕ್ಯಾಬಿನ್‌ಗಿಂತ ಒಳ್ಳೆಯದು. ಖಾಲಿ ಹೊಟ್ಟೆಯಲ್ಲಿ ಇರಬೇಡಿ, ಒಣ ಬಿಸ್ಕತ್ತು, ಶುಂಠಿ ಸಹಾಯ ಮಾಡುತ್ತವೆ. ಮಾತ್ರೆಯನ್ನು ಹಡಗಿನ ವೈದ್ಯಾಲಯದಲ್ಲಿ ಕೇಳಿ, ಅಲುಗಾಟ ಶುರುವಾಗುವ ಮೊದಲೇ ನುಂಗಿದರೆ ಗುಣ ಹೆಚ್ಚು. ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ, ಬಿಸಿ ಎಣ್ಣೆಯ ಮುಂದೆ ನಿಲ್ಲುವವರು ಅದನ್ನು ಮೇಲ್ವಿಚಾರಕರಿಗೆ ತಿಳಿಸಬೇಕು. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ದೇಹ ಒಗ್ಗಿಕೊಳ್ಳುತ್ತದೆ.

5. ಒಂದೇ ಕ್ಯಾಬಿನ್ನಿನ ಇಬ್ಬರು

ಕ್ಯಾಬಿನ್ ಎಂದರೆ ಎರಡು ಬಂಕು, ಎರಡು ಕಪಾಟು, ಒಂದು ಮೇಜು, ಮೈ ತಿರುಗಿಸಲು ಜಾಗವಿಲ್ಲದ ಸ್ನಾನದ ಮೂಲೆ. ಜೊತೆಗಾರರು ಬೇರೆ ದೇಶದವರಾಗಿರಬಹುದು, ಬೇರೆ ಪಾಳಿಯವರಾಗಿರಬಹುದು. ಮೊದಲ ವಾರದಲ್ಲೇ ನಾಲ್ಕು ಮಾತು ಬಾಯಿಬಿಟ್ಟು ಆಡಿಕೊಳ್ಳಿ: ಅಲಾರಾಂ ಎಷ್ಟು ಸಲ ಬಡಿಯಬಹುದು, ಒಬ್ಬರು ಮಲಗಿರುವಾಗ ಯಾವ ದೀಪ ಹಾಕಬಹುದು, ಸ್ನಾನದ ಮನೆ ಯಾರು ಯಾವಾಗ ತೊಳೆಯುವುದು, ಬೇರೆಯವರನ್ನು ಕರೆತರುವುದಾದರೆ ಮೊದಲೇ ಹೇಳುವುದು. ಮೂರನೆಯ ತಿಂಗಳಿನಲ್ಲಿ ಈ ಮಾತು ಎತ್ತಿದರೆ ಅದು ಜಗಳವಾಗಿಯೇ ಬರುತ್ತದೆ. ಪರದೆ ಎಳೆದುಕೊಂಡ ಬಂಕು ಆ ವ್ಯಕ್ತಿಯ ಮನೆ. ಕದ ತಟ್ಟದೆ ಮನೆಯೊಳಗೆ ಹೋಗದ ಹಾಗೆ ಪರದೆಯಾಚೆಗಿನವರನ್ನು ಮಾತನಾಡಿಸಬೇಡಿ. ಏನೇ ಮಾಡಿದರೂ ಹೊಂದಿಕೆಯಾಗದಿದ್ದರೆ ಸಿಬ್ಬಂದಿ ಕಚೇರಿಯಲ್ಲಿ ಕ್ಯಾಬಿನ್ ಬದಲಾವಣೆ ಕೇಳಬಹುದು.

6. ಕೆಲಸದ ಜಾಗದಲ್ಲಿ

ಹಡಗಿನಲ್ಲಿ ಶ್ರೇಣಿ ಬಹಳ ಗಟ್ಟಿ. ಅಧಿಕಾರಿಗಳು, ಸ್ಟಾಫ್ (ಅಂಗಡಿ, ಮನರಂಜನೆಯಂತಹ ಕೆಲಸದವರು), ಕ್ರ್ಯೂ (ನಿಮ್ಮಂತಹವರು) ಎಂಬ ಮೂರು ಹಂತಗಳಿಗೆ ಬೇರೆ ಮೆಸ್ಸು, ಬೇರೆ ಸವಲತ್ತು. ಇದನ್ನು ಕಂಡು ಮನಸ್ಸು ಕುದಿಯುತ್ತದೆ, ನನಗೂ ಕುದಿದಿದೆ. ಮೊದಲ ಒಪ್ಪಂದದಲ್ಲಿ ಅದರೊಡನೆ ಗುದ್ದಾಡುವ ಶಕ್ತಿಯನ್ನು ಕೆಲಸ ಕಲಿಯಲು ಉಳಿಸಿಕೊಳ್ಳಿ.

ಶುಚಿತ್ವದ ನಿಯಮಗಳಿಗೆ ಮಾತ್ರ ಪೂರ್ತಿ ಗಮನ ಕೊಡಿ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳನ್ನು ಅಲ್ಲಿನ ಆರೋಗ್ಯ ಇಲಾಖೆಯವರು ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡಿ ನೂರಕ್ಕೆ ಅಂಕ ಕೊಡುತ್ತಾರೆ, 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ. ಅದರ ಹಿಂದಿನ ಭಯ ನೊರೊವೈರಸ್. ವಾಂತಿಭೇದಿ ತರುವ ಈ ವೈರಸ್ ಹಡಗಿನಂತಹ ಮುಚ್ಚಿದ ಜಾಗದಲ್ಲಿ ಕಾಳ್ಗಿಚ್ಚಿನಂತೆ ಹರಡುತ್ತದೆ. ಕೈಗೆ ಹಚ್ಚುವ ಆಲ್ಕೋಹಾಲ್ ಜೆಲ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸಾಬೂನು ಮತ್ತು ನೀರೇ ಬೇಕು. ಎರಡು ಸಲ ಭೇದಿಯಾದರೆ ವೈದ್ಯಾಲಯಕ್ಕೆ ತಿಳಿಸಿ. ಆಹಾರ ಮುಟ್ಟುವವರನ್ನು ಲಕ್ಷಣಗಳು ನಿಂತ ಮೇಲೂ 48 ಗಂಟೆ ಪ್ರತ್ಯೇಕವಾಗಿ ಇಡುತ್ತಾರೆ. ಭಕ್ಷೀಸು ತಪ್ಪುತ್ತದೆಂದು ಬಚ್ಚಿಟ್ಟವರಿಂದ ಇಡೀ ವಿಭಾಗ ಹಾಸಿಗೆ ಹಿಡಿದದ್ದನ್ನು ಕಂಡಿದ್ದೇನೆ.

ಅತಿಥಿಗಳೊಡನೆ ನಗುನಗುತ್ತ ಇರಿ, ಅವರ ಕ್ಯಾಬಿನ್ನಿಗೆ ಕೆಲಸದ ಹೊರತು ಕಾಲಿಡಬೇಡಿ. ಆ ಗೆರೆ ದಾಟಿದವರನ್ನು ಮುಂದಿನ ಬಂದರಿನಲ್ಲೇ ಇಳಿಸುತ್ತಾರೆ. ಮಾದಕವಸ್ತು ಸಿಕ್ಕರೂ ಅಷ್ಟೇ. ಮದ್ಯದ ಮಿತಿಯನ್ನು ಪರೀಕ್ಷಿಸಲು ಯಾವ ಹೊತ್ತಿನಲ್ಲಾದರೂ ಕರೆಯಬಹುದು.

ಕಿರುಕುಳದ ವಿಷಯ ಬೇರೆ. ಮೇಲಿನವರಾಗಲಿ, ಜೊತೆಗಾರರಾಗಲಿ, ಅತಿಥಿಯಾಗಲಿ, ಮಾತಿನಿಂದಲೋ ಮೈ ಮುಟ್ಟಿಯೋ ಹಿಂಸಿಸಿದರೆ ಹೊಂದಿಕೊಳ್ಳಬೇಕಾದವರು ನೀವಲ್ಲ. ದಿನ, ಹೊತ್ತು, ಜಾಗ, ಕಂಡವರ ಹೆಸರು ಅಂದೇ ಬರೆದಿಡಿ. ಓಣಿಗಳಲ್ಲಿ ಕ್ಯಾಮೆರಾಗಳಿರುತ್ತವೆ, ಬೇಗ ಹೇಳಿದಷ್ಟೂ ಸಾಕ್ಷ್ಯ ಉಳಿಯುತ್ತದೆ. ಪ್ರತಿ ಹಡಗಿನಲ್ಲೂ ದೂರಿನ ವ್ಯವಸ್ಥೆ ಇರಲೇಬೇಕು, ಅದರ ಪ್ರತಿಯನ್ನು ನಿಮಗೆ ಕೊಡಲೇಬೇಕು, ನೇರವಾಗಿ ಕ್ಯಾಪ್ಟನ್ ಬಳಿಗೆ ಹೋಗುವ ಹಕ್ಕೂ ಇದೆ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ಎಂಎಲ್‌ಸಿ ನಿಷೇಧಿಸುತ್ತದೆ. ಹಡಗಿನೊಳಗೆ ಯಾರನ್ನೂ ನಂಬಲಾಗದಿದ್ದರೆ ಸೀಫೇರರ್‌ಹೆಲ್ಪ್ ಎಂಬ ಉಚಿತ ಸಹಾಯವಾಣಿ ದಿನದ 24 ಗಂಟೆಯೂ ಹಲವು ಭಾಷೆಗಳಲ್ಲಿ ಮಾತನಾಡುತ್ತದೆ.

7. ಬಂದರು

ಹಡಗು ಬಂದರಿನಲ್ಲಿದ್ದಾಗಲೂ ತುರ್ತು ಕೆಲಸಕ್ಕೆ ಬೇಕಾದಷ್ಟು ಜನ ಒಳಗೇ ಇರಬೇಕು. ಆ ಸರದಿಯನ್ನು ಐಪಿಎಂ ಎನ್ನುತ್ತಾರೆ. ನಿಮ್ಮ ಸರದಿಯ ದಿನ ಹೊರಗೆ ಹೋದರೆ ಶಿಕ್ಷೆ ಕಠಿಣ. ಸರದಿ ಇಲ್ಲದ ದಿನ, ನಲವತ್ತು ನಿಮಿಷ ಸಿಕ್ಕರೂ ಇಳಿಯಿರಿ. ಗಟ್ಟಿ ನೆಲದ ಮೇಲೆ ನಡೆದು, ಮರವೊಂದನ್ನು ನೋಡಿ ಬಂದರೂ ಸಾಕು. ದೊಡ್ಡ ಬಂದರುಗಳಲ್ಲಿ ನಾವಿಕರಿಗಾಗಿಯೇ ಇರುವ ಕೇಂದ್ರಗಳಿವೆ. 1856ರಲ್ಲಿ ಹುಟ್ಟಿದ ಮಿಷನ್ ಟು ಸೀಫೇರರ್ಸ್‌ನಂತಹ ಸಂಸ್ಥೆಗಳು ನಡೆಸುವ ಆ ಜಾಗಗಳಲ್ಲಿ ಕುಳಿತು ಮನೆಯವರೊಡನೆ ಮಾತನಾಡಬಹುದು, ಧರ್ಮ ಯಾವುದೆಂದು ಯಾರೂ ಕೇಳುವುದಿಲ್ಲ. ಇಳಿಯುವಾಗ ಸಿಬ್ಬಂದಿ ಕಾರ್ಡು ಇರಲಿ, ಹಡಗಿನಿಂದ ಇಳಿಯುವ ದಾರಿಯಾದ ಗ್ಯಾಂಗ್‌ವೇ ಬಳಿ ಬರೆದಿರುವ ಹಿಂತಿರುಗುವ ಸಮಯದ ಮತ್ತು ಬಂದರಿನಲ್ಲಿ ಕಂಪನಿಯ ಪರವಾಗಿರುವ ಏಜೆಂಟರ ಫೋನ್ ಸಂಖ್ಯೆಯ ಚಿತ್ರ ತೆಗೆದುಕೊಳ್ಳಿ. ಸಿಬ್ಬಂದಿಯ ಸಮಯ ಅತಿಥಿಗಳದ್ದಕ್ಕಿಂತ ಮುಂಚೆ ಇರುತ್ತದೆ.

8. ಹಣ

ಊಟ, ವಸತಿ ಕಂಪನಿಯದಾದ್ದರಿಂದ ಸಂಬಳ ಪೂರ್ತಿ ಉಳಿಯುತ್ತದೆಂದು ಭಾಸವಾಗುತ್ತದೆ. ಆದರೆ ಎರಡು ಒಪ್ಪಂದಗಳ ನಡುವಿನ ತಿಂಗಳುಗಳಿಗೆ ಈ ವಿಭಾಗದಲ್ಲಿ ಹೆಚ್ಚಿನವರಿಗೆ ಸಂಬಳವಿಲ್ಲ. ಏಳು ತಿಂಗಳ ದುಡಿಮೆಯಲ್ಲಿ ಒಂಬತ್ತು ತಿಂಗಳು ಬದುಕಬೇಕು. ಸಂಬಳ ಬಂದ ದಿನವೇ ಮನೆಗೆ ಒಂದು ಪಾಲು, ಬಿಡುವಿನ ತಿಂಗಳುಗಳಿಗೆ ಒಂದು ಪಾಲು ಕಳುಹಿಸಿ, ಉಳಿದದ್ದನ್ನು ಮಾತ್ರ ಕೈಯಲ್ಲಿಡಿ. ಅಗ್ಗದ ಸಿಬ್ಬಂದಿ ಬಾರ್ ಮತ್ತು ಇಂಟರ್ನೆಟ್ ಪ್ಯಾಕೇಜು ಇವೆರಡೇ ಕಿಸೆ ಖಾಲಿ ಮಾಡುವುದು.

9. ಮೂರನೆಯ ವಾರ

ಮೊದಲ ವಾರವನ್ನು ಹುರುಪು ದಾಟಿಸುತ್ತದೆ. ಮೂರನೆಯ ವಾರದ ಹೊತ್ತಿಗೆ ಹೊಸತನ ಹೋಗಿ, ಕಾಲು ಊದಿ, ಮನೆ ನೆನಪಾಗಿ, ಬಿಟ್ಟು ಹೋಗೋಣವೆನಿಸುತ್ತದೆ. ನನ್ನ ಕೈಕೆಳಗೆ ಕಲಿತವರಲ್ಲಿ ಬಹಳ ಮಂದಿ ಆ ವಾರ ನನ್ನೆದುರು ಅತ್ತಿದ್ದಾರೆ. ಅವರಿಗೆ ಹೇಳುತ್ತಿದ್ದದ್ದು ಇಷ್ಟು: ಆರು ವಾರ ತುಂಬುವವರೆಗೆ ತೀರ್ಮಾನ ಬೇಡ, ಅತಿಥಿಗಳು ಬದಲಾಗುವ ದಿನದ ರಾತ್ರಿಯಂತೂ ಬೇಡವೇ ಬೇಡ. ಸಂಬಳ ಬಾರದಿದ್ದರೆ, ಕಿರುಕುಳವಿದ್ದರೆ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಒಂದು ದಿನವೂ ಕಾಯಬಾರದು.

ಮನೆಯವರಿಗೆ ದಿನವೂ ಕರೆ ಮಾಡುತ್ತೇನೆಂದು ಮಾತು ಕೊಡಬೇಡಿ. ವಾರಕ್ಕೆ ಎರಡು ಸಲ, ಇಂಥ ದಿನ ಎಂದು ಗೊತ್ತು ಮಾಡಿ. ಮೂರು ದಿನ ಸುದ್ದಿಯಿಲ್ಲದಿದ್ದರೆ ಹಡಗು ನಡುಗಡಲಿನಲ್ಲಿದೆ ಎಂದಷ್ಟೇ ಅರ್ಥ ಎಂದು ಮೊದಲೇ ತಿಳಿಸಿ. ಹಬ್ಬದ ದಿನ, ಮಗುವಿನ ಹುಟ್ಟುಹಬ್ಬದ ದಿನ ಕಷ್ಟವಾಗುತ್ತದೆ. ಆ ದಿನ ಒಬ್ಬರೇ ಬಂಕಿನಲ್ಲಿ ಮಲಗಿರದೆ ಮೆಸ್ಸಿಗೆ ಹೋಗಿ, ಇವತ್ತು ನನ್ನ ಮಗಳ ಹುಟ್ಟುಹಬ್ಬ ಎಂದು ಯಾರಿಗಾದರೂ ಹೇಳಿ. ಅಲ್ಲಿ ಕುಳಿತ ಹೆಚ್ಚಿನವರಿಗೂ ದೂರದಲ್ಲಿ ಒಂದು ಮಗುವೋ ತಾಯಿಯೋ ಇರುತ್ತಾರೆ. ನನಗೆ ಅಂಥದೊಂದು ರಾತ್ರಿ ಬೇಕರಿಯ ಹುಡುಗನೊಬ್ಬ ತನ್ನ ಪಾಳಿ ಮುಗಿಸಿ ಬಂದು, ಏನೂ ಕೇಳದೆ ಪಕ್ಕದಲ್ಲಿ ಕುಳಿತು ಊಟ ಮಾಡಿದ್ದ. ಅವನಿಗೆ ನನ್ನ ಭಾಷೆ ಬರುತ್ತಿರಲಿಲ್ಲ.